ವೀರಗಲ್ಲುಗಳನ್ನು ಉಳಿಸಿಕೊಡಿ: ಗ್ರಾಮ ಪಂಚಾಯಿತಿಗಳಿಗೆ ಒಂದು ಬಹಿರಂಗ ಪತ್ರ

ರಾಜ್ಯದ ಎಲ್ಲ ಗ್ರಾಮ ಪಂಚಾಯಿತಿಗಳ ಅಧ್ಯಕ್ಷರಿಗೆ, ಉಪಾಧ್ಯಕ್ಷರಿಗೆ, ಸದಸ್ಯರಿಗೆ ಮತ್ತು ಅಭಿವೃದ್ಧಿ ಅಧಿಕಾರಿಗಳಿಗೆ,

ಮಾನ್ಯರೇ,

ನಮಸ್ಕಾರ. ನಿಮ್ಮ ಊರುಗಳಲ್ಲಿರುವ ವೀರಗಲ್ಲುಗಳ ಬಗ್ಗೆ ಈ ಪತ್ರ ಬರೆಯುತ್ತಿದ್ದೇನೆ. ಊರಬಾಗಿಲಲ್ಲಿ, ಕೆರೆ ಏರಿಯ ಮೇಲೆ, ಹಾಳುಬಿದ್ದ ಗುಡಿಯ ಪಕ್ಕದಲ್ಲಿ, ಯಾರದೋ ಹೊಲದ ಬದುವಿನಲ್ಲಿ ಅವು ನಿಂತಿರುತ್ತವೆ. ಕೆಲವು ಬಿದ್ದಿರುತ್ತವೆ. ಅರ್ಧ ಮಣ್ಣಲ್ಲಿ ಹೂತವೂ ಇವೆ. ಕಾಳಗದಲ್ಲಿ ಸತ್ತ ವೀರರ ನೆನಪಿಗೆ ಕೆತ್ತಿ ನೆಟ್ಟ ಈ ಕಲ್ಲುಗಳು ನಮ್ಮ ನಾಡಿನ ಯುದ್ಧ ಸ್ಮಾರಕಗಳು. ಅವುಗಳಲ್ಲಿ ಬಹಳಷ್ಟನ್ನು ಉಳಿಸುವ ಅಥವಾ ಕಳೆಯುವ ಶಕ್ತಿ ಇವತ್ತು ದೆಹಲಿಯ ಕೈಯಲ್ಲೂ ಇಲ್ಲ, ಬೆಂಗಳೂರಿನ ಕೈಯಲ್ಲೂ ಇಲ್ಲ. ನಿಮ್ಮ ಕೈಯಲ್ಲಿದೆ. ಅದಕ್ಕೇ ಮಂತ್ರಿಗಳಿಗೆ ಬರೆಯದೆ ನಿಮಗೆ ಬರೆಯುತ್ತಿದ್ದೇನೆ.

ನನಗೆ ಹಳೆಯ ಆಯುಧಗಳ ಬಗ್ಗೆ ಆಸಕ್ತಿ. ಕತ್ತಿ, ಭರ್ಜಿ, ಗುರಾಣಿ, ಕುದುರೆ ಸವಾರರ ಸಾಮಾನು, ಇಂಥವನ್ನು ನೋಡುವುದು, ಅವುಗಳ ಬಗ್ಗೆ ಓದುವುದು, ತಿಳಿದವರ ಹತ್ತಿರ ಕೇಳುವುದು. ಇದೇ ಆಸಕ್ತಿಯ ಕೆಲವು ಗೆಳೆಯರ ಜೊತೆ ರಜೆ ಸಿಕ್ಕಾಗ ಊರೂರು ಸುತ್ತುತ್ತೇನೆ. ಮೊದಮೊದಲು ಕೋಟೆ, ಮ್ಯೂಸಿಯಂ ಅಂತ ಓಡಾಡುತ್ತಿದ್ದೆವು. ಈಗ ಜಾಸ್ತಿ ಹೋಗುವುದು ವೀರಗಲ್ಲು ನೋಡುವುದಕ್ಕೇ.

ಕಾರಣ ಸರಳ. ಕಬ್ಬಿಣ ಉಳಿಯುವುದಿಲ್ಲ. ಸಾವಿರ ವರ್ಷದ ಹಿಂದೆ ಗಂಗರ, ರಾಷ್ಟ್ರಕೂಟರ, ಚಾಲುಕ್ಯರ ಸೈನಿಕರು ಹಿಡಿದ ಕತ್ತಿಗಳು ನಮ್ಮ ಮಳೆಗೆ, ನಮ್ಮ ಮಣ್ಣಿಗೆ ತುಕ್ಕಾಗಿ ಕರಗಿಹೋದವು. ಅರಮನೆಗಳಲ್ಲಿ, ಮನೆತನಗಳಲ್ಲಿ, ಮ್ಯೂಸಿಯಂಗಳಲ್ಲಿ ನಾವು ನೋಡುವ ಕತ್ತಿಗಳಲ್ಲಿ ಹೆಚ್ಚಿನವು ತೀರಾ ಈಚಿನವು. ಹಾಗಾದರೆ ಅಂದಿನ ಕನ್ನಡ ಸೈನಿಕ ಎಂಥ ಕತ್ತಿ ಹಿಡಿಯುತ್ತಿದ್ದ? ಅದು ನೇರವಾಗಿತ್ತೋ, ಬಾಗಿತ್ತೋ? ಗುರಾಣಿ ದುಂಡಗಿತ್ತೋ, ಉದ್ದಕ್ಕಿತ್ತೋ? ಸೊಂಟದ ಬಾಕು ಯಾವ ಕಡೆ ಸಿಕ್ಕಿಸಿಕೊಳ್ಳುತ್ತಿದ್ದ? ಕುದುರೆ ಮೇಲೆ ಹೇಗೆ ಕೂರುತ್ತಿದ್ದ, ಕಾಲಿಗೆ ಆಸರೆ ಇತ್ತೋ ಇಲ್ಲವೋ? ಇದಕ್ಕೆಲ್ಲ ಉತ್ತರ ವೀರಗಲ್ಲಿನ ಕೆಳಗಿನ ಕೆತ್ತನೆಯ ಪಟ್ಟಿಯಲ್ಲಿದೆ. ಆ ಕಾಲದ ಕಲ್ಕುಟಿಗ, ಆ ಕಾಲದ ಆಯುಧವನ್ನು ಕಣ್ಣಾರೆ ನೋಡಿದವನು, ಕಲ್ಲಲ್ಲಿ ಬಿಡಿಸಿಟ್ಟಿದ್ದಾನೆ. ಎಷ್ಟೋ ಕಲ್ಲುಗಳಲ್ಲಿ ಯಾವ ರಾಜನ ಆಳ್ವಿಕೆ, ಯಾವ ವರ್ಷ ಅಂತಲೂ ಬರೆದಿದೆ. ವರ್ಷ ಸಮೇತ ಕತ್ತಿಯ ಚಿತ್ರ! ಆಯುಧಗಳ ಇತಿಹಾಸ ಹುಡುಕುವವರಿಗೆ ಇದಕ್ಕಿಂತ ದೊಡ್ಡ ಆಸ್ತಿ ಬೇರೆ ಇಲ್ಲ.

ಈ ಪತ್ರವನ್ನು ಪಂಚಾಯಿತಿಯ ಹುಡುಗರು ಯಾರಾದರೂ ಓದಿದರೆ ಅವರಿಗಾಗಿ ಒಂದು ಮಾತು. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಸಾಮಾನ್ಯವಾಗಿ ಮೂರು ಪಟ್ಟಿ ಇರುತ್ತವೆ. ಕೆಳಗಿನದರಲ್ಲಿ ಕಾಳಗ. ವೀರ ಉಳಿದವರಿಗಿಂತ ದೊಡ್ಡದಾಗಿ ಕಾಣುತ್ತಾನೆ. ದನಗಳ ಸಾಲು ಇದ್ದರೆ ಅದು ತುರುಗೋಳ್, ಅಂದರೆ ದನ ಹೊಡೆದುಕೊಂಡು ಹೋಗಲು ಬಂದವರ ಜೊತೆ ನಡೆದ ಹೋರಾಟ. ಸವಾರನ ಮೇಲೆ ಕೊಡೆ ಹಿಡಿದಿದ್ದರೆ ಅವನು ಸ್ಥಾನಮಾನ ಇದ್ದವನು. ನಡುವಿನ ಪಟ್ಟಿಯಲ್ಲಿ ಅಪ್ಸರೆಯರು ವೀರನನ್ನು ಎರಡೂ ಕಡೆ ಹಿಡಿದು ಸ್ವರ್ಗಕ್ಕೆ ಕರೆದೊಯ್ಯುತ್ತಾರೆ. ಮೇಲಿನದರಲ್ಲಿ ಲಿಂಗ, ನಂದಿ, ಪೂಜಾರಿ, ಕೈಮುಗಿದು ಕೂತ ವೀರ. ವೀರ ಜೈನನಾದರೆ ಅಲ್ಲಿ ಜಿನಮೂರ್ತಿ ಇರುತ್ತದೆ. ಎಲ್ಲಕ್ಕೂ ಮೇಲೆ ಸೂರ್ಯ ಚಂದ್ರ. ಅವು ಇರುವ ತನಕ ಇವನ ಹೆಸರು ಇರಲಿ ಅಂತ ಆಸೆಪಟ್ಟು ಕೆತ್ತಿಸಿದ್ದು.

ಈಗ ನಾನು ಕಣ್ಣಾರೆ ಕಂಡಿದ್ದನ್ನು ಹೇಳುತ್ತೇನೆ. ಊರುಗಳ ಹೆಸರು ಬರೆಯುವುದಿಲ್ಲ. ಯಾರನ್ನೂ ಅವಮಾನ ಮಾಡಬೇಕು ಅನ್ನುವುದು ನನ್ನ ಉದ್ದೇಶವಲ್ಲ.

ಒಂದು ಊರಲ್ಲಿ ಕುದುರೆ ಸವಾರನಿದ್ದ ಕಲ್ಲು ಚರಂಡಿಯ ಮೇಲೆ ಹಾಸುಗಲ್ಲಾಗಿತ್ತು. ಕೆತ್ತನೆ ಇದ್ದ ಮುಖವೇ ಮೇಲಿತ್ತು. ಟ್ರ್ಯಾಕ್ಟರ್, ಬೈಕು, ದನ ಎಲ್ಲ ಅದರ ಮೇಲೇ ಓಡಾಡಿ ಸವಾರನ ಮುಖ ಸವೆದುಹೋಗಿತ್ತು. ಭರ್ಜಿ ಹಿಡಿದ ಕೈ ಮಾತ್ರ ಕಾಣುತ್ತಿತ್ತು. ಇನ್ನೊಂದು ಊರಲ್ಲಿ ಗುಡಿ ಜೀರ್ಣೋದ್ಧಾರ ನಡೆದಿತ್ತು. ಹೊಸ ಗೋಡೆಗೆ ಒತ್ತಿ ಎರಡು ವೀರಗಲ್ಲು ನಿಲ್ಲಿಸಿ, ಸುತ್ತ ಸಿಮೆಂಟ್ ಮೆತ್ತಿದ್ದರು. ಕೆಳಗಿನ ಪಟ್ಟಿ ಪೂರ್ತಿ ಸಿಮೆಂಟಿನೊಳಗೆ ಸೇರಿತ್ತು. ಮೇಲೆ ಉಳಿದಿದ್ದಕ್ಕೆ ಬೆಳ್ಳಿ ಬಣ್ಣ ಬಳಿದಿದ್ದರು. ಭಕ್ತಿಯಿಂದಲೇ ಮಾಡಿದ್ದು, ಅದರಲ್ಲಿ ಅನುಮಾನವಿಲ್ಲ. ಆದರೆ ಅಕ್ಷರದ ಗೆರೆಗಳೆಲ್ಲ ಬಣ್ಣದಲ್ಲಿ ತುಂಬಿ, ಏನು ಬರೆದಿತ್ತು ಅಂತ ಯಾರಿಗೂ ಗೊತ್ತಾಗದ ಹಾಗೆ ಆಗಿತ್ತು. ರಸ್ತೆ ಅಗಲ ಮಾಡುವಾಗ ಜೆಸಿಬಿ ಪಕ್ಕಕ್ಕೆ ತಳ್ಳಿ ಎರಡು ತುಂಡಾದ ಕಲ್ಲನ್ನೂ ನೋಡಿದ್ದೇನೆ. ಒಂದು ತುಂಡು ರಸ್ತೆಯ ಪಕ್ಕ ಬಿದ್ದಿತ್ತು. ಇನ್ನೊಂದು ತುಂಬುಮಣ್ಣಿನ ಕೆಳಗೆ ಹೋಗಿತ್ತು. ಕುಡುಗೋಲು ಮಸೆಯುವುದಕ್ಕೆ ಬಳಸಿ ಅಂಚು ಸವೆದ ಕಲ್ಲುಗಳಂತೂ ಸುಮಾರು ಕಡೆ ಸಿಗುತ್ತವೆ. ಬಳಪದ ಕಲ್ಲಿನಂಥ ಮೆತ್ತನೆ ಕಲ್ಲಾದರೆ ಬೇಗ ಹಾಳಾಗುತ್ತದೆ.

ಎಲ್ಲಕ್ಕಿಂತ ಹೊಟ್ಟೆ ಉರಿಸುವುದು ನಿಧಿಗಳ್ಳರ ಕೆಲಸ. ವೀರಗಲ್ಲಿನ ಬುಡದಲ್ಲಿ ಹೊನ್ನು ಇದೆ ಅನ್ನುವ ಸುಳ್ಳು ನಂಬಿಕೆ ಅದೆಲ್ಲಿಂದ ಬಂತೋ. ರಾತ್ರಿ ಬಂದು ಅಗೆಯುತ್ತಾರೆ, ಕಲ್ಲು ಉರುಳಿಸುತ್ತಾರೆ, ಒಡೆಯುತ್ತಾರೆ. ಇದು ಸತ್ತವರ ನೆನಪಿಗೆ ನೆಟ್ಟ ಕಲ್ಲು, ಅದರಡಿ ನಿಧಿ ಯಾಕಿರುತ್ತದೆ? ಈ ಮಾತನ್ನು ನೀವು ಊರಲ್ಲಿ ಡಂಗುರ ಹೊಡೆಸಿ ಹೇಳಿದರೂ ಸಾಲದು.

"ಹೋಗಲಿ ಬಿಡಿ, ಒಂದು ಹಳೇ ಕಲ್ಲು" ಅಂತ ನನಗೆ ಹೇಳಿದವರು ಬಹಳ ಜನ. ಅವರಿಗೆ ನಾನು ಕೊಡುವ ಮೊದಲ ಉತ್ತರ ಬೇಗೂರು. ಬೆಂಗಳೂರಿನ ಹೆಸರು ಸಿಗುವ ಅತಿ ಹಳೆಯ ಬರಹಗಳಲ್ಲೊಂದು ಅಲ್ಲಿನ ಗುಡಿಯ ಆವರಣದಲ್ಲಿದೆ. ಸುಮಾರು ಕ್ರಿ.ಶ. 890ರ ವೀರಗಲ್ಲು ಅದು. ಬೆಂಗಳೂರ ಕಾಳಗದಲ್ಲಿ ಗಂಗರ ಅಧಿಕಾರಿ ನಾಗತ್ತರನ ಕಡೆಯವರು ಸತ್ತದ್ದನ್ನು ಹೇಳುತ್ತದೆ. ಆ ಕಲ್ಲನ್ನು ಯಾರಾದರೂ ಬಚ್ಚಲಿಗೆ ಹಾಸಿದ್ದರೆ ಇವತ್ತು ಆ ಸಂಗತಿಯೇ ನಮಗೆ ಗೊತ್ತಿರುತ್ತಿರಲಿಲ್ಲ ಅಲ್ವಾ? ಬೇಗೂರಿನದೇ ಇನ್ನೊಂದು ದೊಡ್ಡ ವೀರಗಲ್ಲು ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಗಂಗ ದೊರೆ ಎರೆಯಪ್ಪನ ಕಾಲದ್ದು. ತುಂಬೆಪಾಡಿಯ ಕಾಳಗದಲ್ಲಿ ನಾಗತ್ತರನೇ ಸತ್ತಾಗ ಹಾಕಿಸಿದ್ದು. ಆನೆ, ಕುದುರೆ ಸವಾರರು, ಕತ್ತಿ ಗುರಾಣಿ ಹಿಡಿದ ಕಾಲಾಳುಗಳು, ಕೆಳಗೆ ಬಿದ್ದವರು, ಎಲ್ಲವೂ ಒಂದೇ ಕಲ್ಲಿನಲ್ಲಿ. ಸಾಧ್ಯವಾದರೆ ಒಮ್ಮೆ ನಿಮ್ಮ ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿ.

ಅದೇ ಮ್ಯೂಸಿಯಂನಲ್ಲಿ ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲೂ ಇದೆ. 949ರಲ್ಲಿ ತಕ್ಕೋಲದಲ್ಲಿ ರಾಷ್ಟ್ರಕೂಟರಿಗೂ ಚೋಳರಿಗೂ ದೊಡ್ಡ ಯುದ್ಧ ನಡೆಯಿತು. ರಾಷ್ಟ್ರಕೂಟರ ಕಡೆಯಿದ್ದ ಗಂಗರ ಬೂತುಗ ಚೋಳ ರಾಜಾದಿತ್ಯನನ್ನು ಕೊಂದ. ಆ ಯುದ್ಧದಲ್ಲಿ ಪರಾಕ್ರಮ ತೋರಿದ ಬೂತುಗನ ಕಡೆಯ ಮಣಲೇರ ತನಗೆ ಬಹುಮಾನವಾಗಿ ಕಾಳಿ ಅನ್ನುವ ನಾಯಿಯನ್ನು ಕೇಳಿ ಪಡೆದ. ಆ ನಾಯಿ ಹಂದಿಯ ಜೊತೆ ಕಾದಾಡಿ ಸತ್ತಾಗ ಅದಕ್ಕೂ ಕಲ್ಲು ನಿಲ್ಲಿಸಿದರು, ಪೂಜೆಗೆ ಭೂಮಿ ಬಿಟ್ಟರು. ದಕ್ಷಿಣ ಭಾರತದ ಒಂದು ಮಹಾಯುದ್ಧದ ಸಂಗತಿ ನಮಗೆ ಒಂದು ಹಳ್ಳಿಯ ನಾಯಿಯ ಕಲ್ಲಿನಿಂದ ಸಿಗುತ್ತದೆ. ನಿಮ್ಮ ಊರಿನ ಬದುವಿನಲ್ಲಿ ಬಿದ್ದಿರುವ ಕಲ್ಲು ಏನು ಹೇಳುತ್ತದೋ ಯಾರಿಗೆ ಗೊತ್ತು.

ಹಾಸನ ಜಿಲ್ಲೆಯ ಹಲ್ಮಿಡಿಯ ವಿಷಯವೂ ಇದೇ. ಕನ್ನಡದ ಅತಿ ಹಳೆಯ ಶಾಸನ ಅಂತ ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಅದರಲ್ಲಿ ಇರುವುದೇನು? ಯುದ್ಧದಲ್ಲಿ ಪರಾಕ್ರಮ ತೋರಿದ ವಿಜ ಅರಸನಿಗೆ ಊರುಗಳನ್ನು ಬಾಳ್ಗಳ್ಚಾಗಿ, ಅಂದರೆ ಕತ್ತಿ ತೊಳೆದು ಗೌರವಿಸಿ ಕೊಡುವ ದತ್ತಿಯಾಗಿ ಬಿಟ್ಟ ಸಂಗತಿ. ಮುಂದೆ ಕಾಳಗದಲ್ಲಿ ಸತ್ತವರ ಮನೆಯವರಿಗೆ ನೆತ್ತರುಗೊಡಗೆ ಅಂತ ಜಮೀನು ಬಿಡುವುದೂ ನಮ್ಮಲ್ಲಿ ರೂಢಿಯಾಯಿತು. ಕತ್ತಿಗೂ ಮಣ್ಣಿಗೂ ಸತ್ತವನ ಸಂಸಾರಕ್ಕೂ ಇದ್ದ ಸಂಬಂಧವನ್ನು ನಮ್ಮ ಹಿರಿಯರು ಅಷ್ಟು ಚೆನ್ನಾಗಿ ನಡೆಸಿಕೊಂಡು ಬಂದಿದ್ದರು.

ನಾವು ದೊಡ್ಡ ಯುದ್ಧ ಸ್ಮಾರಕಗಳನ್ನು ಗೌರವಿಸುತ್ತೇವೆ, ಗೌರವಿಸಲೇಬೇಕು. ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಈಗಿನ ಇಸ್ರೇಲಿನ ಹೈಫಾದಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸ್ ಕುದುರೆ ಪಡೆಯವರು ಜೋಧಪುರದ ಸವಾರರ ಜೊತೆ ಸೇರಿ ಭರ್ಜಿ, ಕತ್ತಿ ಹಿಡಿದು ಮೆಷಿನ್ ಗನ್ನುಗಳ ಎದುರು ಕುದುರೆ ನುಗ್ಗಿಸಿದರು. ಸಂಜೆಯೊಳಗೆ ಊರು ಕೈಗೆ ಬಂತು. 1,350 ಜನ ಸೆರೆಯಾದರು. ನಮ್ಮ ಕಡೆ 8 ಜನ ಸತ್ತರು, 60 ಕುದುರೆಗಳು ಸತ್ತವು. ದೆಹಲಿಯ ತೀನ್‌ಮೂರ್ತಿ ಸ್ಮಾರಕದಲ್ಲಿ ನಿಂತ ಮೂರು ಯೋಧರಲ್ಲಿ ಒಬ್ಬ ಮೈಸೂರಿನವನು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಲ್ಯಾನ್ಸರ್ಸ್ ಸ್ಮಾರಕ ಇದೆ. ಭಾರತೀಯ ಸೇನೆಯ ಕುದುರೆ ಪಡೆಯಾದ 61ನೇ ಕ್ಯಾವಲ್ರಿಯವರು ಪ್ರತಿ ವರ್ಷ ಹೈಫಾ ದಿನ ಆಚರಿಸುತ್ತಾರೆ. ಈ ಕಥೆ ಕೇಳಿದಾಗಲೆಲ್ಲ ನನ್ನ ಮೈ ಜುಮ್ಮೆನ್ನುತ್ತದೆ.

ಆದರೆ ನಿಮ್ಮ ಊರಿನ ದನ ಉಳಿಸಲು, ಹೆಂಗಸರ ಮಾನ ಕಾಯಲು, ಊರಿಗೆ ಬಿದ್ದ ಬೆಂಕಿ ಆರಿಸಲು ಸತ್ತವನೂ ಸೈನಿಕನೇ. ಅವನಿಗೆ ರಾಜನ ಖಜಾನೆಯಿಂದ ಸ್ಮಾರಕ ಬರಲಿಲ್ಲ. ತಮ್ಮ ಹಾಕಿಸಿದ, ಮಗ ಹಾಕಿಸಿದ, ಊರವರು ಸೇರಿ ಹಾಕಿಸಿದರು. ಎಷ್ಟೋ ಕಲ್ಲುಗಳಲ್ಲಿ ಹಾಗಂತಲೇ ಬರೆದಿದೆ. ಲೋಕದ ಬಹಳಷ್ಟು ಕಡೆ ಸಾಮಾನ್ಯ ಸೈನಿಕನ ಹೆಸರನ್ನು ಸ್ಮಾರಕದ ಮೇಲೆ ಕೆತ್ತುವ ರೂಢಿ ಬಂದಿದ್ದು ತೀರಾ ಈಚೆಗೆ. ನಮ್ಮ ಹಳ್ಳಿಗಳು ಆ ಕೆಲಸವನ್ನು ಸಾವಿರ ವರ್ಷದ ಹಿಂದೆಯೇ ಮಾಡಿದ್ದವು. ಸೊರಬ, ಶಿಕಾರಿಪುರ, ಹಾನಗಲ್, ಹಿರೇಕೆರೂರು ಕಡೆಯ ಊರುಗಳಿಗೆ ಹೋದರೆ ಇದರ ಅಂದಾಜು ಸಿಗುತ್ತದೆ.

ಇನ್ನು ದಾಖಲೆಯ ವಿಷಯ. ಬೆಂಗಳೂರಿನಲ್ಲೇ ಹುಟ್ಟಿದ ಶಾಸನತಜ್ಞ ಬಿ.ಎಲ್. ರೈಸ್ ಅವರು ಹಳೇ ಮೈಸೂರು ಸೀಮೆಯ ಊರೂರಿನ ಶಾಸನಗಳನ್ನು ಓದಿಸಿ ತಾಲ್ಲೂಕುವಾರು ಅಚ್ಚು ಹಾಕಿಸಿದರು. 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳಲ್ಲಿ ಯಾವ ಊರು, ಯಾರ ಹೊಲ, ಯಾವ ಗುಡಿಯ ಮುಂದೆ ಅಂತ ಗುರುತು ಸಮೇತ ಇದೆ. ನಿಮ್ಮ ಊರಿನ ಹೆಸರೂ ಅದರಲ್ಲಿರಬಹುದು. ಆದರೆ ಅಂದು ದಾಖಲಾದ ಎಷ್ಟೋ ಕಲ್ಲುಗಳು ಇಂದು ಆ ಜಾಗದಲ್ಲಿಲ್ಲ. ಬೆಂಗಳೂರು ಸುತ್ತಮುತ್ತ ಉಳಿದಿರುವ ಶಾಸನಗಳನ್ನು ಇತಿಹಾಸ ಸಂಶೋಧನೆಯ ಸಂಸ್ಥೆಯಾದ ಮಿಥಿಕ್ ಸೊಸೈಟಿಯವರು ತ್ರೀಡಿ ಸ್ಕ್ಯಾನ್ ಮಾಡಿ ಉಳಿಸುತ್ತಿದ್ದಾರೆ. ಬಹಳ ದೊಡ್ಡ ಕೆಲಸ. ಅಂಥ ಭಾಗ್ಯ ಎಲ್ಲ ತಾಲ್ಲೂಕಿಗೂ ಬಂದಿಲ್ಲ.

ಅಕ್ಷರ ಇರುವ ಕಲ್ಲಿಗೆ ಈ ಮಟ್ಟಿಗಾದರೂ ಬೆಲೆ ಇದೆ. ಅಕ್ಷರ ಇಲ್ಲದ ವೀರಗಲ್ಲಿನ ಪಾಡು ಇನ್ನೂ ಕಷ್ಟ. ಶಾಸನದ ಪಟ್ಟಿಯಲ್ಲಿ ಅದು ಬರುವುದಿಲ್ಲ. ರಕ್ಷಿತ ಸ್ಮಾರಕಗಳ ಪಟ್ಟಿಯಲ್ಲೂ ಇರುವುದಿಲ್ಲ. "ಇದರಲ್ಲಿ ಏನೂ ಬರೆದಿಲ್ಲ, ಸುಮ್ನೆ ಬಿದ್ದಿದೆ" ಅಂತ ಮೊದಲು ಚರಂಡಿಗೆ ಹೋಗುವುದು ಅದೇ. ದಯವಿಟ್ಟು ಹಾಗೆ ತಿಳಿಯಬೇಡಿ. ಅಕ್ಷರ ಇಲ್ಲದಿದ್ದರೂ ಕತ್ತಿ ಇದೆ, ಬಿಲ್ಲು ಇದೆ, ಕುದುರೆಯ ಜೀನು ಇದೆ, ಮುಡಿ ಕಟ್ಟಿದ ರೀತಿ ಇದೆ. ಪಕ್ಕದ ಊರಿನ, ವರ್ಷ ಬರೆದ ಕಲ್ಲಿನ ಜೊತೆ ಹೋಲಿಸಿ ನೋಡಿದರೆ ಇದರ ಕಾಲವನ್ನೂ ಅಂದಾಜು ಮಾಡಬಹುದು. ಹಾಗೆ ಹೋಲಿಸಬೇಕಾದರೆ ಎರಡೂ ಕಲ್ಲು ಉಳಿದಿರಬೇಕು, ತಮ್ಮ ತಮ್ಮ ಜಾಗದಲ್ಲಿ ಉಳಿದಿರಬೇಕು.

ಉಳಿಸಿದರೆ ಏನಾಗುತ್ತದೆ ಅನ್ನುವುದಕ್ಕೆ ಒಳ್ಳೆಯ ಉದಾಹರಣೆಗಳೂ ನಮ್ಮಲ್ಲೇ ಇವೆ. ಬೆಂಗಳೂರಿನ ಹೆಬ್ಬಾಳದಲ್ಲಿ 2018ರಲ್ಲಿ ನೆಲ ಅಗೆಯುವಾಗ ಒಂದು ವೀರಗಲ್ಲು ಸಿಕ್ಕಿತು. ಗಂಗ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದ್ದು. ಕಿತ್ತಯ್ಯ ಅನ್ನುವ ವೀರನದ್ದು. ಅಲ್ಲಿನ ಜನ, ಇತಿಹಾಸದ ಆಸಕ್ತರು ಕೈಜೋಡಿಸಿ ಅದಕ್ಕೊಂದು ಮಂಟಪ ಕಟ್ಟಿಸಿದರು. ಈಗ ಅದು ಆ ಬಡಾವಣೆಯ ಹೆಮ್ಮೆ. ಅದೇ 2018ರಲ್ಲಿ ಹೊಸನಗರ ತಾಲ್ಲೂಕಿನ ನಗರದಲ್ಲಿ, ಹಿಂದಿನ ಬಿದನೂರಿನಲ್ಲಿ, ಒಂದು ಹಾಳುಬಾವಿಯಲ್ಲಿ ಸಾವಿರಕ್ಕೂ ಹೆಚ್ಚು ಹಳೆಯ ಯುದ್ಧ ರಾಕೆಟ್‌ಗಳು ಸಿಕ್ಕವು. ಹೈದರ್, ಟಿಪ್ಪು ಕಾಲದ ಕಬ್ಬಿಣದ ರಾಕೆಟ್‌ಗಳು. ಅವು ಗುಜರಿ ಸೇರದೆ ಶಿವಮೊಗ್ಗದ ಮ್ಯೂಸಿಯಂ ಸೇರಿದವು. ಇಂಥ ಆಯುಧಗಳು ಅಷ್ಟೊಂದು ಒಂದೇ ಕಡೆ ಸಿಕ್ಕಿದ್ದು ದೊಡ್ಡ ಸುದ್ದಿಯಾಯಿತು. ಸಿಕ್ಕಿದ್ದನ್ನು ಬಲ್ಲವರಿಗೆ ತೋರಿಸಿದ್ದರಿಂದ ಇದೆಲ್ಲ ಆಯಿತು.

ನಾನು ನಿಮ್ಮಲ್ಲಿ ಕೇಳುವುದು ದೊಡ್ಡ ಖರ್ಚಿನ ಕೆಲಸವೇನಲ್ಲ. ಮೊದಲು ಒಂದು ಲೆಕ್ಕ ಬೇಕು. ನಿಮ್ಮ ಪಂಚಾಯಿತಿಯ ಪ್ರತಿ ಹಳ್ಳಿಯಲ್ಲಿ ಎಷ್ಟು ವೀರಗಲ್ಲು, ಮಾಸ್ತಿಗಲ್ಲು (ಗಂಡನ ಜೊತೆ ಸಹಗಮನ ಮಾಡಿದ ಹೆಂಗಸಿನ ನೆನಪಿನ ಕಲ್ಲು) ಇವೆ, ಎಲ್ಲಿವೆ, ಯಾವ ಸ್ಥಿತಿಯಲ್ಲಿವೆ ಅಂತ ಒಂದು ಪುಸ್ತಕದಲ್ಲಿ ಬರೆಸಿ. ಪ್ರತಿ ಕಲ್ಲಿನ ಫೋಟೋ ತೆಗೆಸಿ. ಹೈಸ್ಕೂಲ್ ಮಕ್ಕಳು ಮೇಷ್ಟ್ರ ಜೊತೆ ಸೇರಿ ಇದನ್ನು ಚೆನ್ನಾಗಿ ಮಾಡಬಲ್ಲರು. ಮಧ್ಯಾಹ್ನದ ನೆತ್ತಿ ಬಿಸಿಲಲ್ಲಿ ತೆಗೆದರೆ ಕೆತ್ತನೆ ಕಾಣುವುದಿಲ್ಲ. ಬೆಳಗ್ಗೆ ಅಥವಾ ಸಂಜೆ, ಬಿಸಿಲು ಓರೆಯಾಗಿ ಬೀಳುವಾಗ ತೆಗೆಯಬೇಕು. ಕತ್ತಲಾದ ಮೇಲೆ ಪಕ್ಕದಿಂದ ಟಾರ್ಚ್ ಹಿಡಿದು ತೆಗೆದರೆ ಸವೆದ ಅಕ್ಷರವೂ ಎದ್ದು ಕಾಣುತ್ತದೆ.

ರಸ್ತೆ, ಚರಂಡಿ, ಪೈಪ್‌ಲೈನ್ ಕೆಲಸ ಶುರುವಾಗುವ ಮುಂಚೆ ಆ ಪುಸ್ತಕ ನೋಡುವ ಪದ್ಧತಿ ಇಟ್ಟುಕೊಳ್ಳಿ. ಕಂತ್ರಾಟುದಾರರಿಗೆ ಜಾಗ ತೋರಿಸಿ ಹೇಳಿ. ಅಗೆಯುವಾಗ ಹೊಸ ಕಲ್ಲು ಸಿಕ್ಕರೆ ಅಲ್ಲಿಗೇ ಕೆಲಸ ನಿಲ್ಲಿಸಿ ತಹಶೀಲ್ದಾರರಿಗೆ, ಪುರಾತತ್ವ ಇಲಾಖೆಗೆ ತಿಳಿಸಿ. ಬಿದ್ದ ಕಲ್ಲನ್ನು ಎತ್ತಿ ನಿಲ್ಲಿಸಬಹುದು. ಆದರೆ ಎತ್ತುವ ಮುಂಚೆ ಅದು ಎಲ್ಲಿ, ಯಾವ ದಿಕ್ಕಿಗೆ ಬಿದ್ದಿತ್ತು ಅಂತ ಬರೆದಿಟ್ಟುಕೊಳ್ಳಿ. ಬುಡವನ್ನು ಮಣ್ಣು, ಚಪ್ಪಡಿ ಕೊಟ್ಟು ಭದ್ರ ಮಾಡಿ. ಕೆತ್ತನೆಗೆ ಮಾತ್ರ ಸಿಮೆಂಟ್ ಸೋಕಿಸಬೇಡಿ. ತೊಳೆಯಬೇಕೆಂದರೆ ಬರೀ ನೀರು, ಮೆತ್ತನೆ ಬ್ರಷ್ ಸಾಕು. ಆಸಿಡ್ ಬೇಡ, ತಂತಿ ಬ್ರಷ್ ಬೇಡ, ಎನಾಮಲ್ ಬಣ್ಣ ಬೇಡ. ಚರಂಡಿಯ ಮೇಲಿರುವ ಕಲ್ಲಿದ್ದರೆ ಅದರ ಬದಲಿಗೆ ಒಂದು ಕಾಂಕ್ರೀಟ್ ಸ್ಲ್ಯಾಬ್ ಹಾಕಿಸಿ. ಒಂದು ಸ್ಲ್ಯಾಬಿನ ದುಡ್ಡು ಯಾವ ಪಂಚಾಯಿತಿಗೂ ಹೊರೆ ಆಗಲಾರದು.

ಪೂಜೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಎಷ್ಟೋ ಊರುಗಳಲ್ಲಿ ವೀರಗಲ್ಲಿಗೆ ಪೂಜೆ ನಡೆಯುತ್ತದೆ. ಅದನ್ನು ನಿಲ್ಲಿಸಿ ಅಂತ ನಾನು ಖಂಡಿತ ಹೇಳುವುದಿಲ್ಲ. ಇಷ್ಟು ಕಾಲ ಈ ಕಲ್ಲುಗಳು ಉಳಿದಿರುವುದೇ ಪೂಜೆ ಮಾಡಿದ ಅಜ್ಜಿಯರಿಂದ, ವರ್ಷಕ್ಕೊಮ್ಮೆ ಎಡೆ ಇಟ್ಟ ಮನೆಗಳಿಂದ. ಅವರಿಗೆ ನಾವೆಲ್ಲ ಋಣಿ. ಎಣ್ಣೆಯನ್ನು ಕಲ್ಲಿನ ಮೈಗೆಲ್ಲ ಸುರಿಯದೆ ಮುಂದೆ ದೀಪಕ್ಕೆ ಹಾಕಿದರೆ, ಕುಂಕುಮವನ್ನು ಅಕ್ಷರ ಬಿಟ್ಟು ಮೇಲಿನ ಪಟ್ಟಿಗೆ ಇಟ್ಟರೆ ಸಾಕು. ನೀವು ವಿನಯದಿಂದ ಹೇಳಿದರೆ ಅವರು ಕೇಳುತ್ತಾರೆ. ನಾವು ಹೊರಗಿನವರು ಬಂದು ಹೇಳುವುದಕ್ಕಿಂತ ಊರಿನ ಅಧ್ಯಕ್ಷರೋ, ಸದಸ್ಯರೋ ಹೇಳುವುದೇ ಚೆಂದ.

ಹಾಗೆಯೇ, ಊರಿನ ಕಲ್ಲನ್ನು ನಗರದ ಯಾವುದೋ ರೆಸಾರ್ಟಿಗೆ, ಯಾರದೋ ಮನೆಯ ತೋಟಕ್ಕೆ ಕೊಡಬೇಡಿ. "ಚೆನ್ನಾಗಿ ನೋಡಿಕೊಳ್ಳುತ್ತೇವೆ" ಅಂತ ಕೇಳಿಕೊಂಡು ಬರುವವರಿದ್ದಾರೆ. ಜಾಗ ಬಿಟ್ಟ ವೀರಗಲ್ಲು ತನ್ನ ಅರ್ಧ ಕಥೆ ಕಳೆದುಕೊಳ್ಳುತ್ತದೆ. ಯಾವ ಗಡಿಯಲ್ಲಿ, ಯಾವ ಕೆರೆಯ ಪಕ್ಕ ಕಾಳಗ ಆಯಿತು ಅನ್ನುವುದಕ್ಕೆ ಆ ಜಾಗವೂ ಸಾಕ್ಷಿ. ಅಲ್ಲಿ ಉಳಿಸಲು ಸಾಧ್ಯವೇ ಇಲ್ಲ ಅನ್ನುವ ಪರಿಸ್ಥಿತಿ ಬಂದರೆ ಪಂಚಾಯಿತಿ ಕಚೇರಿ ಅಥವಾ ಶಾಲೆಯ ಅಂಗಳಕ್ಕೆ ತನ್ನಿ. ಇಂಥ ಕಡೆಯಿಂದ ತಂದಿದ್ದು ಅಂತ ಕನ್ನಡದಲ್ಲಿ ಒಂದು ಫಲಕ ಹಾಕಿ.

ಕೊನೆಯದಾಗಿ ಒಂದು ಕೋರಿಕೆ. ಮುಂದಿನ ಗ್ರಾಮಸಭೆಯಲ್ಲಿ ಈ ವಿಷಯ ಇಡಿ. ಚರ್ಚೆ ಆದರೆ ನಡಾವಳಿಯಲ್ಲಿ ಬರೆಸಿ. ನಾನೂ ನನ್ನ ಗೆಳೆಯರೂ ಕರೆದ ಊರಿಗೆ ನಮ್ಮ ಖರ್ಚಿನಲ್ಲೇ ಬರುತ್ತೇವೆ. ಪಟ್ಟಿ ಮಾಡಲು, ಫೋಟೋ ತೆಗೆಯಲು, ಕೆತ್ತನೆಯಲ್ಲಿರುವ ಆಯುಧಗಳನ್ನು ಮಕ್ಕಳಿಗೆ ವಿವರಿಸಲು ನಮ್ಮಿಂದಾದ ಸಹಾಯ ಮಾಡುತ್ತೇವೆ. ಶಾಸನ ಓದಬಲ್ಲವರು ನಿಮ್ಮ ಜಿಲ್ಲೆಯ ಕಾಲೇಜುಗಳಲ್ಲೇ ಇರುತ್ತಾರೆ, ಅವರನ್ನೂ ಕರೆಯಿರಿ. ಮಳೆಗಾಲ ಮುಗಿದು ರಸ್ತೆ ಕೆಲಸಗಳು ಶುರುವಾಗುವ ಮೊದಲೇ ಪಟ್ಟಿ ಸಿದ್ಧವಾದರೆ ಬಹಳ ಉಪಕಾರ.

ಇಂತಿ,
ನಿಮ್ಮ ವಿಶ್ವಾಸಿ,
ಹಳೆಯ ಆಯುಧಗಳ, ವೀರಗಲ್ಲುಗಳ ಒಬ್ಬ ಆಸಕ್ತ